ಮಲಗಿದ ಕಿವಿಗೊಂದು ಪಟ್ಟಿ

ಸಾಂತ ಸುಸಾನ, ಅಲೆಂತೇಜು
೯ ಜನವರಿ ೨೦೧೯

ಪ್ರೀತಿಯ ಎರ್ಮೆಲಿಂಡಕ್ಕನಿಗೆ,

ತಮ್ಮ ಬೆಲ್ಮಿರು ಕಾಗದ ಬರೆದಿದ್ದಾನೆ ಎಂದರೆ ಯಾರೋ ಹೋಗಿಬಿಟ್ಟಿರಬೇಕು ಎಂದು ನೀನು ಕುಸಿದು ಕೂರಲಿಕ್ಕೆ ಕುರ್ಚಿ ಹುಡುಕಬೇಡ. ಎಲ್ಲರೂ ಇದ್ದೇವೆ. ಫೋನು ಮಾಡಬಹುದಿತ್ತು. ಆದರೆ ಕಳೆದ ಸಲ ನಿನ್ನ ದನಿ ಅರ್ಧ, ನನ್ನ ಕಿವಿಯದೇ ಗುಂಯ್ ಅರ್ಧ. ನಾನು ಹೂಂ ಹೂಂ ಅಂದದ್ದೆಲ್ಲ ಮರ್ಯಾದೆಗೆ ಅಂದದ್ದು.

ಐವತ್ತು ವರ್ಷ ಕುರಿ ಕೊರಳಿನ ಗಂಟೆಗಳನ್ನು ಬಡಿದು ಮಾಡಿದವನ ಕಿವಿ ಬೇರೆ ಹೇಗಿರುತ್ತದೆ? ಮಾಡಿದ್ದುಣ್ಣೋ ಮಹರಾಯ. ಎವೊರ ಪೇಟೆಯ ಕಿವಿ ಡಾಕ್ಟರು ಇದಕ್ಕೆ ಮದ್ದಿಲ್ಲ ಅಂದರು. "ಪೂರಾ ನಿಶ್ಶಬ್ದದಲ್ಲಿ ಮಲಗ್ಬೇಡಿ. ಕಿವಿಗೆ ಬೇರೆ ಏನಾದ್ರೂ ಮೆಲ್ಲಗೆ ಕೇಳಿಸ್ತಿರ್ಲಿ, ಆಗ ಅದು ತನ್ನ ಗುಂಯ್ ಮರೆಯುತ್ತೆ" ಅಂದರು. ಹಾಗಾಗಿ ಹಾಸಿಗೆಯಲ್ಲಿ ರೇಡಿಯೊ ಇಟ್ಟುಕೊಂಡಿದ್ದೇನೆ. ಕಡಲಿಗೆ ಹೋಗುವ ಬೆಸ್ತರಿಗೆ ಹವಾಮಾನ ಹೇಳುತ್ತಾರಲ್ಲ, ಅದು ನನಗೆ ಹಿತ. ಅಲೆ ಎರಡು ಮೀಟರು, ಗಾಳಿ ವಾಯವ್ಯದಿಂದ. ಕಡಲನ್ನು ನಾನು ಹುಟ್ಟಿದ ಮೇಲೆ ನಾಲ್ಕು ಸಲ ನೋಡಿರಬಹುದು.

ನೀನು ಅಂಗಡಿಯಲ್ಲಿ ದಿನಾ ಹೆಡ್‌ಫೋನ್ ಮಾರುವವಳು. ಮಲಗಿ ಕೇಳಲಿಕ್ಕೆ ಆಗುವಂಥ, ನೋಯದ ಒಂದನ್ನು ಆರಿಸಿ ಕಳಿಸು. ಸ್ವಲ್ಪ ಬೇಗ ಕಳಿಸಿದರೆ ಒಳ್ಳೆಯದು.

ಕುಸ್ಟೋಡಿಯ ಚೆನ್ನಾಗಿದ್ದಾಳೆ.

ನಿನ್ನ ತಮ್ಮ,
ಬೆಲ್ಮಿರು


ಪೋರ್ತು
೧೭ ಜನವರಿ

ಬೆಲ್ಮಿರು,

ಕಾಗದ ಕಂಡು ಕುರ್ಚಿ ಹುಡುಕಿದ್ದು ನಿಜ. ಓದಿ ಮುಗಿಸಿದ ಮೇಲೆ ನಗು ಬಂತು. ಅರವತ್ತೆಂಟರ ಮುದುಕ ಹಾಸಿಗೆಯಲ್ಲಿ ಮಲಗಿ ಬೆಸ್ತರ ಹವಾಮಾನ ಕೇಳುತ್ತಾನಂತೆ. ನಾಳೆ ಬಲೆ ಕಳಿಸು ಎಂದು ಬರೆಯಬೇಡ.

ಇದರ ಜೊತೆ ಅಂಗಡಿಯಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನೇ ಕಳಿಸಿದ್ದೇನೆ. ಕಿವಿಯನ್ನು ಪೂರ್ತಿ ಮುಚ್ಚುತ್ತದೆ, ಸುತ್ತ ಮೆತ್ತೆ ಇದೆ. ಮೊನ್ನೆ ಒಬ್ಬ ಸಂಗೀತಗಾರ ಇದನ್ನೇ ಒಯ್ದ.

ಒಂದು ಮಾತು ನೇರವಾಗಿ ಹೇಳಿಬಿಡು. ನಿನಗೆ ಕಿವುಡು ಶುರುವಾಗಿದೆ, ನನಗೆ ಹೇಳುತ್ತಿಲ್ಲ, ಅಲ್ಲವೇ? ಹಾಗಿದ್ದರೆ ಕುಲುಮೆ ಆರಿಸಿ, ಸುತ್ತಿಗೆ ಗೋಡೆಗೆ ನೇತುಹಾಕು. ಅಪ್ಪನಿಗೂ ಕೊನೆಗೆ ನಾವು ಚೀರಿ ಹೇಳಬೇಕಾಗುತ್ತಿತ್ತು. ನಿನ್ನ ಹೆಂಡತಿಯಾದ ತಪ್ಪಿಗೆ ಕುಸ್ಟೋಡಿಯಳ ಗಂಟಲಿಗೆ ಆ ಗತಿ ತರಬೇಡ.

ಎರ್ಮೆಲಿಂಡ


ಸಾಂತ ಸುಸಾನ
೩೦ ಜನವರಿ

ಅಕ್ಕಾ,

ಕಿವುಡಲ್ಲ. ಕಿವುಡಾಗಿದ್ದರೆ ಎಷ್ಟೋ ಮೇಲಿತ್ತು, ಗುಂಯ್ ಕೂಡ ಕೇಳಿಸುತ್ತಿರಲಿಲ್ಲ.

ನಿನ್ನ ಸಂಗೀತಗಾರ ಕುಳಿತು ಕೇಳುತ್ತಾನೆ, ನಾನು ಮಲಗಿ. ಅಂಗಾತ ಮಲಗಿದರೆ ಎಲ್ಲ ಸರಿ. ಆದರೆ ನನ್ನ ಬಲ ಭುಜ ಸುತ್ತಿಗೆಗೆ ಹೋಗಿದೆ, ನಾನು ಎಡ ಮಗ್ಗುಲಿಗೇ ಮಲಗಬೇಕು. ಮಗ್ಗುಲಾದ ಕೂಡಲೇ ಆ ಮೆತ್ತೆಯ ಬಟ್ಟಲು ದಿಂಬಿಗೂ ದವಡೆಗೂ ನಡುವೆ ಸಿಕ್ಕಿಕೊಂಡು ತಲೆಯನ್ನು ಎತ್ತಿ ಹಿಡಿಯುತ್ತದೆ. ಮೇಲಿನದು ಜಾರಿ ಕೆನ್ನೆಗೆ ಬರುತ್ತದೆ. ಕಿವಿ ಬೆವೆತು ಒದ್ದೆ. ಹೇರಿನ ಬುಟ್ಟಿ ಹೊತ್ತ ಕತ್ತೆಯನ್ನು ಮಲಗಿಸಿದ ಹಾಗೆ ಆಯಿತು ನನ್ನ ಪಾಡು. ನಾಲ್ಕು ರಾತ್ರಿ ಪ್ರಯತ್ನಿಸಿ ತೆಗೆದಿಟ್ಟೆ. ವಾಪಸು ಕಳಿಸಿದ್ದೇನೆ.

ಇದಕ್ಕಿಂತ ಚಿಕ್ಕದು ಇರಬೇಕಲ್ಲ? ನನಗೆ ಇದು ತಮಾಷೆಯಲ್ಲ ಅಕ್ಕಾ, ಬೇಕೇ ಬೇಕು.

ಇಲ್ಲಿ ಚಳಿ ಜೋರು. ಹೊಲಿಗೆ ಕೋಣೆಗೆ ಒಂದು ಹೀಟರು ತಂದೆ.

ಬೆಲ್ಮಿರು


ಪೋರ್ತು
೬ ಫೆಬ್ರವರಿ

ಬೆಲ್ಮಿರು,

ಈ ಸಲ ಕಿವಿಯ ತೂತಿನೊಳಗೆ ಕೂರುವ ಪುಟ್ಟದನ್ನು ಕಳಿಸಿದ್ದೇನೆ. ರಬ್ಬರಿನ ಟೊಪ್ಪಿ ಮೂರು ಅಳತೆಯಲ್ಲಿವೆ, ನಿನ್ನದಕ್ಕೆ ದೊಡ್ಡದೇ ಬೇಕಾದೀತು. ಚಿಕ್ಕಂದಿನಲ್ಲಿ ನಿನ್ನ ಕಿವಿ ಹಿಡಿದು ಎಳೆದವಳು ನಾನೇ ಆದ್ದರಿಂದ ತಪ್ಪು ನನ್ನದೇ.

ಆ ಹೀಟರಿನ ವಿಷಯ ಓದಿ ನನಗೆ ಸಿಟ್ಟು ಬಂತು. ಕುಸ್ಟೋಡಿಯ ರಾತ್ರಿಯೆಲ್ಲ ಕೂತು ಊರವರ ಬಟ್ಟೆ ಹೊಲಿಯುತ್ತಿದ್ದಾಳೋ? ಈ ವಯಸ್ಸಿನಲ್ಲಿ? ನೀನು ಹೀಟರು ತಂದುಕೊಟ್ಟು ಇನ್ನಷ್ಟು ಹೊಲಿ ಎನ್ನುವ ಬದಲು ಕೈಹಿಡಿದು ಎಬ್ಬಿಸಿ ಮಲಗಲಿಕ್ಕೆ ಕರೆತರಬೇಕಿತ್ತು. ಗಂಡಸರಿಗೆ ಇಷ್ಟು ಹೇಳಿಕೊಡಬೇಕೇ?

ಎರ್ಮೆಲಿಂಡ


ಸಾಂತ ಸುಸಾನ
೨೦ ಫೆಬ್ರವರಿ

ಅಕ್ಕಾ,

ನೀನು ಬರೆದದ್ದು ಗಾಯದ ಮೇಲೆ ಬರೆ ಎಳೆದ ಹಾಗಾಯಿತು. ಮೂರು ದಿನ ನಿನ್ನ ಮೇಲೆ ಸಿಟ್ಟಿನಲ್ಲಿದ್ದೆ. ಆಮೇಲೆ ನಾನೇ ಮುಚ್ಚಿಟ್ಟರೆ ನಿನಗೆ ಗೊತ್ತಾಗುವುದು ಹೇಗೆ ಎಂದು ತಣ್ಣಗಾದೆ.

ಮೊದಲು ಆ ಪುಟ್ಟದರ ವಿಷಯ. ಅದು ಕಿವಿಯನ್ನು ಬಿರಡೆ ಹಾಕಿದ ಹಾಗೆ ಮುಚ್ಚುತ್ತದೆ. ಹೊರಗಿನ ಸದ್ದು ನಿಂತ ಕೂಡಲೇ ಒಳಗಿನ ಗುಂಯ್ ಎದ್ದು ಕೂರುತ್ತದೆ. ಅದನ್ನು ಮುಳುಗಿಸಲಿಕ್ಕೆ ರೇಡಿಯೊ ಜೋರು ಮಾಡಬೇಕು, ಜೋರು ಮಾಡಿದರೆ ನಿದ್ದೆ ಹಾರುತ್ತದೆ. ಎಡಕ್ಕೆ ಮಲಗಿದರೆ ದಿಂಬು ಅದನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ಬೆಳಿಗ್ಗೆ ಕಿವಿ ಮುಟ್ಟಲಾಗಲಿಲ್ಲ.

ಈಗ ಹೀಟರು. ಕುಸ್ಟೋಡಿಯ ಹೊಲಿಯುತ್ತಿಲ್ಲ, ಹೊಲಿಗೆ ಕೋಣೆಯಲ್ಲಿ ಮಲಗುತ್ತಿದ್ದಾಳೆ. ನವೆಂಬರಿನ ಸಂತ ಮಾರ್ತಿನ ಹಬ್ಬದ ರಾತ್ರಿಯಿಂದ. ಅವತ್ತು ಸುಟ್ಟ ಚೆಸ್ಟ್‌ನಟ್ ತಿಂದು, ಹೊಸ ವೈನು ಕುಡಿದು ಮಲಗಿದ್ದೆವು. ನನಗೆ ಗುಂಯ್ ಜಾಸ್ತಿಯಾಗಿ ರೇಡಿಯೊ ಜೋರು ಮಾಡಿದೆ. ಅವಳು ಎದ್ದಳು, ದಿಂಬು ತೆಗೆದುಕೊಂಡಳು, "ನೀವು ಚೆನ್ನಾಗಿ ನಿದ್ದೆ ಮಾಡಿ" ಅಂದಳು, ಹೋದಳು. ಜಗಳವಿಲ್ಲ, ಮಾತಿಲ್ಲ. ಬೆಳಿಗ್ಗೆ ಕಾಫಿ ಕೊಟ್ಟಳು, ಎಂದಿನ ಹಾಗೆ ರೊಟ್ಟಿ ಕತ್ತರಿಸಿಟ್ಟಳು. ಮಾರನೆಯ ರಾತ್ರಿಯೂ ಅಲ್ಲೇ ಮಲಗಿದಳು. ಮೂರು ತಿಂಗಳ ಮೇಲಾಯಿತು.

ನಲವತ್ತೊಂದು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವರು ನಾವು. ಹಾಳು ರೇಡಿಯೊಕ್ಕಾಗಿ ಅವಳನ್ನು ಕಳೆದುಕೊಂಡೆ. ನೋಯದ ಒಂದು ಹೆಡ್‌ಫೋನ್ ಸಿಕ್ಕರೆ ರೇಡಿಯೊ ನನ್ನ ಕಿವಿಯಲ್ಲೇ ಉಳಿಯುತ್ತದೆ, ಅವಳನ್ನು ವಾಪಸು ಕರೆಯಲಿಕ್ಕೆ ನನಗೊಂದು ಮುಖ ಇರುತ್ತದೆ. ಅದಕ್ಕೇ ಬೇಗ ಅಂದದ್ದು.

ಅವಳಿಗೆ ಇದನ್ನೆಲ್ಲ ಬರೆಯಬೇಡ.

ಬೆಲ್ಮಿರು


ಪೋರ್ತು
೨೭ ಫೆಬ್ರವರಿ

ಪ್ರೀತಿಯ ಬೆಲ್ಮಿರು,

ಹಿಂದಿನ ಕಾಗದದಲ್ಲಿ ಬಾಯಿಗೆ ಬಂದಂತೆ ಬರೆದೆ. ತಪ್ಪಾಯಿತು. ನಿನಗೆ ಬೇಕಾದ್ದು ಹೆಡ್‌ಫೋನ್ ಅಲ್ಲವೆಂದು ಗೊತ್ತಿದ್ದರೆ ಮೊದಲೇ ಬೇರೆ ರೀತಿ ಆರಿಸುತ್ತಿದ್ದೆ.

ಅಪ್ಪ ಕುರಿಗೆ ಗಂಟೆಯ ಕೊರಳಪಟ್ಟಿ ಅಳತೆ ಮಾಡುತ್ತಿದ್ದದ್ದು ನೆನಪಿದೆಯೇ? ಬೇರೆಯವರು ನಿಂತ ಕುರಿಗೆ ಬಿಗಿದು ಕಳಿಸುತ್ತಿದ್ದರು. ಅಪ್ಪ ಮಾತ್ರ ಅದನ್ನು ಕೆಡವಿ ಮಲಗಿಸಿ, ಪಟ್ಟಿಯೊಳಗೆ ಎರಡು ಬೆರಳು ತೂರಿಸಿ ನೋಡುತ್ತಿದ್ದ. "ನಿಂತಾಗ ಯಾವ ಪಟ್ಟಿಯೂ ಚುಚ್ಚಲ್ಲ" ಅನ್ನುತ್ತಿದ್ದ. ಅಂಗಡಿಗೆ ಬರುವವರೆಲ್ಲ ನಿಂತು ಹಾಕಿ ನೋಡಿ ಕೊಳ್ಳುತ್ತಾರೆ, ನಾನೂ ನಿಂತೇ ಆರಿಸಿ ಕಳಿಸಿದೆ. ಅಪ್ಪನ ಮಗಳಾಗಿ ನನಗೆ ಇದು ಹೊಳೆಯಬೇಕಿತ್ತು.

ಈಗ ಕಳಿಸಿರುವುದು ಬಟ್ಟೆಯ ಪಟ್ಟಿ. ಹಣೆಗೆ ಕಟ್ಟಿಕೊಳ್ಳುವಂಥದ್ದು. ಒಳಗೆ ಕಿವಿಯ ಹತ್ತಿರ ಎರಡು ಚಪ್ಪಟೆ ಬಿಲ್ಲೆಗಳಿವೆ, ನಾಣ್ಯಕ್ಕಿಂತ ಸ್ವಲ್ಪ ದಪ್ಪ. ಮಗ್ಗುಲಾದರೆ ದಿಂಬಿನೊಳಗೆ ಹುದುಗುತ್ತದೆ. ಕಿವಿ ಮುಚ್ಚುವುದಿಲ್ಲ, ಆದ್ದರಿಂದ ನಿನ್ನ ಗುಂಯ್ ಸಿಟ್ಟಿಗೇಳುವುದಿಲ್ಲ. ಬಿಲ್ಲೆಯನ್ನು ಕಿವಿಯ ತೂತಿಗಿಂತ ಕೊಂಚ ಮುಂದೆ ಇಟ್ಟುಕೋ, ನಡುವೆ ಇಟ್ಟರೆ ಕಿವಿಯ ಹಾಳೆ ಮಡಚಿಕೊಂಡು ನಾಲ್ಕು ಗಂಟೆಗೆ ಉರಿ ಶುರುವಾಗುತ್ತದೆ. ತಂತಿಯನ್ನು ಬೆನ್ನ ಮೇಲಿಂದ ಬಿಡು, ಎದೆಯ ಮೇಲಿಂದ ಬಿಟ್ಟರೆ ಮಗ್ಗುಲು ಬದಲಿಸುವಾಗ ಕೊರಳಿಗೆ ಸುತ್ತಿ ಗಾಬರಿಯಲ್ಲಿ ಎಚ್ಚರವಾಗುತ್ತದೆ. ಸದ್ದು ಎಷ್ಟಿರಬೇಕೆಂದರೆ ಮಾತು ಮಾತಾಗಿ ಕೇಳಬಾರದು, ಪಕ್ಕದ ಕೋಣೆಯಲ್ಲಿ ಯಾರೋ ಇದ್ದಾರೆ ಅನ್ನಿಸಿದರೆ ಸಾಕು. ಇದೆಲ್ಲ ನಮ್ಮ ಅಂಗಡಿಗೆ ಬರುವ ಒಬ್ಬ ವಯಸ್ಸಾದ ಹೆಂಗಸು ಹೇಳಿದ್ದು.

ಕುಸ್ಟೋಡಿಯಳಿಗೆ ನಾನು ಏನೂ ಬರೆಯುವುದಿಲ್ಲ. ನೀನೇ ಬಾಯಿ ಬಿಡು.

ಅಕ್ಕ


ಸಾಂತ ಸುಸಾನ
೯ ಮಾರ್ಚ್

ಅಕ್ಕಾ,

ನಿನ್ನ ಪಟ್ಟಿಯಲ್ಲಿ ಕೇಳಿದಾಗ ದನಿ ಸತ್ತ ಹಾಗಿತ್ತು. ನೋಡಿದರೆ ಬಿಲ್ಲೆಯ ಮುಖಕ್ಕೇ ಸ್ಪಂಜು, ಅದರ ಮೇಲೆ ಬಟ್ಟೆ. ನಮ್ಮ ಕಸುಬಿನಲ್ಲಿ ಚಿಕ್ಕ ಮಗುವಿಗೂ ಗೊತ್ತು, ಗಂಟೆಯ ಬಾಯಿಗೆ ಒಂದು ಎಳೆ ಹುಲ್ಲು ತಾಗಿದರೂ ಸ್ವರ ಹೋಗುತ್ತದೆ. ಮಣ್ಣು ಮೆತ್ತಿ ಕುಲುಮೆಯಲ್ಲಿ ಸುಟ್ಟ ಗಂಟೆಯ ಆ ಮಣ್ಣನ್ನು ಬಾಯಿಯ ಕಡೆಯಿಂದಲೇ ಒಡೆದು ಕೆರೆದು ಬಿಡಿಸುತ್ತೇವೆ. ಹಾಗೇ ಇದಕ್ಕೂ ಮಾಡಿದೆ. ಬಟ್ಟೆ ಕತ್ತರಿಸಿ, ಸ್ಪಂಜು ಕಿತ್ತು, ಬಿಲ್ಲೆ ಬತ್ತಲೆ ಮಾಡಿದೆ.

ದನಿ ಚೆನ್ನಾಗಿಯೇ ಬಂತು. ಬಿಲ್ಲೆಯ ಅಂಚು ಕಿವಿ ಕೊಯ್ದು ದಿಂಬಿಗೆಲ್ಲ ರಕ್ತವಾಯಿತು. ಬೆಳಿಗ್ಗೆ ಕುಸ್ಟೋಡಿಯ ದಿಂಬಿನ ಚೀಲ ನೋಡಿದಳು, ನನ್ನ ಮುಖ ನೋಡಿದಳು, ಒಗೆಯಲಿಕ್ಕೆ ಒಯ್ದಳು. ಏನೂ ಕೇಳಲಿಲ್ಲ. ಅವಳು ಕೇಳದೆ ಇರುವುದು ಕಿವಿಗಿಂತ ಹೆಚ್ಚು ನೋಯುತ್ತದೆ.

ನನ್ನ ಕೈಲಿ ಆಗುವುದಿಲ್ಲ ಅಕ್ಕಾ. ಇನ್ನು ಕಳಿಸಬೇಡ.

ಬೆಲ್ಮಿರು


ಪೋರ್ತು
೧೩ ಮಾರ್ಚ್
(ಕಾರ್ಡು)

ಕತ್ತೆ,

ಅದು ಗುಡ್ಡದ ಮೇಲಿನ ಕುರುಬನಿಗೆ ಕೇಳಿಸಬೇಕಾದ ಗಂಟೆಯಲ್ಲ. ನಿನ್ನ ಕಿವಿ ಅದರಿಂದ ಒಂದು ಬೆರಳು ದೂರದಲ್ಲಿದೆ. ದನಿ ಸಾಯಲಿ ಎಂದೇ ಸ್ಪಂಜು ಇಟ್ಟಿದ್ದಾರೆ.

ಹರಿದದ್ದನ್ನು ಹೊಲಿಯಲಿಕ್ಕೆ ನಿನ್ನ ಮನೆಯಲ್ಲೇ ಒಬ್ಬಳಿದ್ದಾಳೆ. ಒಂದು ಬಾಗಿಲು ದಾಟಿದರೆ ಸಿಗುತ್ತಾಳೆ. ಕೇಳು.

ಎ.


ಸಾಂತ ಸುಸಾನ
೨೦ ಮಾರ್ಚ್

ಅಕ್ಕಾ,

ಬಾಗಿಲು ದಾಟಿದೆ.

ನಿನ್ನ ಕಾರ್ಡು ಬಂದ ದಿನ ಮಧ್ಯಾಹ್ನ, ಹರಿದ ಪಟ್ಟಿ ಹಿಡಿದುಕೊಂಡು ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತೆ. ನನ್ನ ಮನೆಯಲ್ಲೇ ನಾನು ಬಾಗಿಲು ತಟ್ಟಿದೆ.

"ಏನದು?" ಅಂದಳು.

"ಪಟ್ಟಿ. ಹೊಲ್ಕೊಡ್ಬೇಕು."

"ಯಾವ ಕುರಿಗೆ?"

"ಈ ಕುರಿಗೆ."

ಅವಳು ನಕ್ಕಳು. ಪಟ್ಟಿ ತೆಗೆದುಕೊಂಡು ತಿರುಗಿಸಿ ನೋಡಿ, ಇದನ್ನು ಕತ್ತರಿಸಿದವನು ದರ್ಜಿಯಂತೂ ಅಲ್ಲ ಅಂದಳು. ರಬ್ಬರಿನ ಬಟ್ಟೆ ಹಣೆ ಹಿಂಡುತ್ತದೆ, ಹಳೆಯ ಉಣ್ಣೆಯ ಶಾಲಿನ ತುಂಡಿನಲ್ಲಿ ಹೊಸದನ್ನೇ ಮಾಡುತ್ತೇನೆ ಎಂದು ಅಳತೆಯ ಟೇಪು ತೆಗೆದಳು.

"ಮಲಗಿ."

"ಹಗಲು ಹೊತ್ತಲ್ಲಾ?"

"ನಿಂತ ಕುರಿಗೆ ಅಳತೆ ತಗೊಳ್ಳೋನು ದಡ್ಡ ಅಂತ ನಿಮ್ಮಪ್ಪ ಹೇಳ್ತಿರ್ಲಿಲ್ವಾ? ಮಲಗಿ ಅಂದೆ."

ಅವಳ ಮಂಚದ ಮೇಲೆ ಎಡ ಮಗ್ಗುಲಾಗಿ ಮಲಗಿದೆ. ಅವಳು ಬಗ್ಗಿ ಕಿವಿಯ ಮುಂದೆ ಸೀಮೆಸುಣ್ಣದ ಗುರುತು ಹಾಕುತ್ತ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, "ಈಗೆಲ್ಲ ಚೆನ್ನಾಗಿ ನಿದ್ದೆ ಬರ್ತಿರ್ಬೇಕು. ನನ್ನ ಗೊರಕೆ ಇಲ್ವಲ್ಲ" ಅಂದಳು.

ನಾನು ಎದ್ದು ಕೂತೆ. "ಯಾರ ಗೊರಕೆ?"

"ಇನ್ಯಾರದು? ಅವತ್ತು ಮಾರ್ತಿನನ ಹಬ್ಬದ ರಾತ್ರಿ ನನ್ನ ಗೊರಕೆ ತಡೀಲಾರ್ದೆ ರೇಡಿಯೊ ಜೋರು ಮಾಡಿದ್ರಲ್ಲ. ಅಲೆ ಮೂರು ಮೀಟರು ಅಂತ ಅದು ಕಿವಿ ಹತ್ರ ಕೂಗಿದ್ದಕ್ಕೇ ನನಗೆ ಎಚ್ಚರ ಆದದ್ದು. ಅಷ್ಟಾದ್ರೂ ನೀವು ಬಾಯಿಬಿಟ್ಟು ಒಂದು ಮಾತು ಬೈಲಿಲ್ಲ. ನನಗೆ ಎಷ್ಟು ನಾಚಿಕೆ ಆಯ್ತು ಗೊತ್ತಾ? ಡಾಕ್ಟ್ರು ಬೇರೆ ನಿಮಗೆ ನಿದ್ದೆ ಬೇಕು ಅಂದಿದ್ರು. ಅದಕ್ಕೇ ಎದ್ದು ಬಂದೆ."

ಅಕ್ಕಾ, ನನಗೆ ಅಳು ಬಂತು, ಮುಚ್ಚಿಡುವುದೇಕೆ. ಇವಳ ಗೊರಕೆಯ ಮರೆಯಲ್ಲೇ ನಾನು ಇಷ್ಟು ವರ್ಷ ಮಲಗಿದ್ದು. ಅವತ್ತು ಯಾಕೋ ಅವಳು ಸದ್ದಿಲ್ಲದೆ ಮಲಗಿದ್ದಳು, ಆ ನಿಶ್ಶಬ್ದಕ್ಕೇ ಗುಂಯ್ ಎದ್ದು ನಾನು ರೇಡಿಯೊ ತಿರುಗಿಸಿದ್ದು. ಅದನ್ನೇ ಹೇಳಿದೆ. ರೇಡಿಯೊ ಕಾಟಕ್ಕೆ ನೀನು ಹೋದೆ ಅಂದುಕೊಂಡಿದ್ದೆ ಎಂದೂ ಹೇಳಿದೆ.

ಅವಳು ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದಿಟ್ಟು, "ನಾಲ್ಕು ತಿಂಗಳು ಇದನ್ನ ಹೊಟ್ಟೇಲಿ ಇಟ್ಕೊಂಡಿದ್ರಾ?" ಅಂದಳು.

"ನೀನೂ ಇಟ್ಕೊಂಡಿದ್ದೆ."

"ನಾನು ಹೆಂಗಸು, ನನಗೆ ಅಭ್ಯಾಸ ಇದೆ. ನಿಮಗೇನು ಬಂತು?"

ಅಷ್ಟಕ್ಕೇ ಬಂದುಬಿಡುತ್ತಾಳೆ ಎಂದುಕೊಂಡೆ. ಇಲ್ಲ. "ಮೊದ್ಲು ಪಟ್ಟಿ ಸರಿಯಾಗ್ಲಿ. ನೀವು ಮೂರು ರಾತ್ರಿ ನೆಟ್ಟಗೆ ನಿದ್ದೆ ಮಾಡಿ ತೋರ್ಸಿ. ಗೊರಕೆ ಎಲ್ಲ ದಿನಾನೂ ಇರಲ್ಲ, ಇಲ್ಲದ ದಿನ ಮತ್ತೆ ಅಲೆ ಮೂರು ಮೀಟರು ಕೇಳೋಕೆ ನಾನು ತಯಾರಿಲ್ಲ" ಅಂದಳು. ಅಷ್ಟು ಹೊತ್ತು ನಕ್ಕವಳು ಇದನ್ನು ಮಾತ್ರ ನಗದೆ ಹೇಳಿದಳು. ಎರಡು ಬಿಲ್ಲೆಗಳಲ್ಲಿ ಒಂದನ್ನೇ ಹೊಲಿದಳು, ದಿಂಬಿಗೆ ಒತ್ತುವ ಎಡಗಿವಿಗೆ. "ಇನ್ನೊಂದು ಕಿವಿ ನನಗೆ ಬೇಕು" ಅಂದಳು. ನಾನು ತಂತಿಯನ್ನು ಇಕ್ಕಳದಲ್ಲಿ ಕತ್ತರಿಸಿ ಇನ್ನೊಂದು ಬಿಲ್ಲೆಯನ್ನು ಬೇರೆ ಮಾಡಿದೆ.

ಮೊದಲನೆಯ ರಾತ್ರಿ ಪಟ್ಟಿ ಮೇಲೆ ಜಾರಿತು. ಎರಡನೆಯ ರಾತ್ರಿ ಹೊಲಿಗೆಯ ಗಂಟು ಸರಿಯಾಗಿ ಮೂಳೆಯ ಮೇಲೆ ಕೂತು ಒತ್ತಿತು. ದಿನಾ ಮಧ್ಯಾಹ್ನ ನಾನು ಮಲಗುತ್ತೇನೆ, ಅವಳು ಎರಡು ಬೆರಳು ತೂರಿಸಿ ನೋಡಿ, ಬಿಚ್ಚಿ, ಮತ್ತೆ ಹೊಲಿಯುತ್ತಾಳೆ. ನಡುವೆ ಊರ ಸುದ್ದಿಯೆಲ್ಲ ಹೇಳುತ್ತಾಳೆ. ನನಗೇನೂ ಅವಸರವಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಇನ್ನೊಂದು ವಿಷಯ. ನಿನ್ನ ಕಾಗದಗಳನ್ನು ಕುಸ್ಟೋಡಿಯಳಿಗೆ ಓದಿ ಹೇಳಿದೆ. ತಂತಿ ಕೊರಳಿಗೆ ಸುತ್ತುವುದು, ನಾಲ್ಕು ಗಂಟೆಯ ಉರಿ, ಪಕ್ಕದ ಕೋಣೆಯಲ್ಲಿ ಯಾರೋ ಇದ್ದಾರೆ ಅನ್ನಿಸುವಷ್ಟು ಸದ್ದು, ಇವುಗಳನ್ನು ಕೇಳಿ ಅವಳು ಹೊಲಿಗೆ ನಿಲ್ಲಿಸಿದಳು. "ಯಾವ ಗಿರಾಕಿ ಅಂಗಡಿಯವಳ ಹತ್ರ ಇಷ್ಟೆಲ್ಲ ಹೇಳ್ತಾಳೆ? ನಿಮ್ಮ ಅರ್ಮಿಂದು ಭಾವ ತೀರಿಹೋಗಿ ಮೂರು ವರ್ಷ ಆಯ್ತು. ನಿಮ್ಮಕ್ಕ ಹೇಗೆ ಮಲಗ್ತಾರೆ ಅಂತ ಒಂದು ದಿನ ಕೇಳಿದ್ದೀರಾ?" ಅಂದಳು.

ಕೇಳಿಲ್ಲ. ಈಗ ಕೇಳುತ್ತಿದ್ದೇನೆ. ಒಂದು ಬಿಲ್ಲೆ ಇಲ್ಲಿ ಸುಮ್ಮನೆ ಬಿದ್ದಿದೆ, ಶಾಲೂ ಉಳಿದಿದೆ. ತಲೆಯ ಸುತ್ತಳತೆ ಕಳಿಸು.

ಬೆಲ್ಮಿರು


ಪೋರ್ತು
೩ ಏಪ್ರಿಲ್

ಪ್ರೀತಿಯ ಬೆಲ್ಮಿರು, ಕುಸ್ಟೋಡಿಯ,

ಹತ್ತು ದಿನ ಈ ಕಾಗದ ಬರೆಯಲಿಲ್ಲ. ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದು ಒಂದು ಸಲ ಶುರುಮಾಡಿ ಹರಿದೆ.

ಆ ವಯಸ್ಸಾದ ಹೆಂಗಸು ನಾನೇ. ನನ್ನ ಕಿವಿಯಲ್ಲಿ ಏನೂ ಗುಂಯ್ ಇಲ್ಲ, ಅದೇ ತೊಂದರೆ. ಅರ್ಮಿಂದು ಮಲಗುವ ಮೊದಲು ನಾಳೆ ಏನು ಅಡಿಗೆ ಎಂದು ಕೇಳುತ್ತಿದ್ದ. ಮೂವತ್ತೆಂಟು ವರ್ಷ ಆ ಪ್ರಶ್ನೆಗೆ ಬೈದಿದ್ದೇನೆ. ಅದು ನಿಂತ ಮೇಲೆ ಮನೆ ಎಷ್ಟು ಸುಮ್ಮನಿರುತ್ತದೆ ಎಂದು ಗೊತ್ತಾಯಿತು. ಅಂಗಡಿಯಿಂದ ಒಂದೊಂದೇ ತಂದು ನೋಡಿದೆ. ಮೇಜಿನ ಸೆಳೆಖಾನೆಯಲ್ಲಿ ಒಂಬತ್ತು ಹೆಡ್‌ಫೋನ್‌ಗಳಿವೆ, ಒಂದೂ ಬೆಳಗಿನವರೆಗೆ ಕಿವಿಯಲ್ಲಿ ಉಳಿದಿಲ್ಲ. ನಿನ್ನ ಕಾಗದ ಬಂದಾಗ ನನಗೆ ಒಳಗೊಳಗೇ ಖುಷಿಯಾಗಿತ್ತು, ನಿದ್ದೆ ಬಾರದವಳು ನಾನೊಬ್ಬಳೇ ಅಲ್ಲ ಎಂದು. ಅಕ್ಕನಾದವಳು ಹೀಗೆ ಖುಷಿಪಡಬಾರದಿತ್ತು.

ದಾರ ಇಟ್ಟಿದ್ದೇನೆ. ಗಂಟಿನಿಂದ ಗಂಟಿಗೆ ನನ್ನ ತಲೆ. ಅಳತೆ ಮಲಗಿಯೇ ತೆಗೆದದ್ದು. ನಾನು ಬಲ ಮಗ್ಗುಲು. ಮೇಲಿನ ಕಿವಿ ನನಗೂ ಖಾಲಿ ಇರಲಿ. ಕೆಳಗಿನ ಮನೆಗೆ ಹೊಸ ಮಗು ಬಂದಿದೆ, ಬೆಳಗಿನ ಜಾವ ಅಳುತ್ತದೆ, ಅದು ಕೇಳಿಸಿದರೆ ಒಳ್ಳೆಯದೇ. ಕತ್ತರಿಸಿದ ತಂತಿಗೆ ರೇಡಿಯೊಕ್ಕೆ ಚುಚ್ಚುವ ಪಿನ್ ನಾನೇ ಹಾಕಿಕೊಳ್ಳುತ್ತೇನೆ, ಕುಸ್ಟೋಡಿಯ, ಬೆಲ್ಮಿರುವಿನ ಕೈಗೆ ಇಕ್ಕಳ ಕೊಡಬೇಡ.

ನಿಮ್ಮ ಮೂರು ರಾತ್ರಿ ಏನಾಯಿತು? ಅದನ್ನು ಬರೆಯದೆ ಬೇರೇನೂ ಬರೆಯಬೇಡ.

ಅಕ್ಕ


ಸಾಂತ ಸುಸಾನ
೧೨ ಏಪ್ರಿಲ್

ಅಕ್ಕಾ,

ನಿನ್ನ ಪಟ್ಟಿ ಇದರ ಜೊತೆಗಿದೆ. ಕುಸ್ಟೋಡಿಯ ನಿನ್ನ ದಾರದ ಅಳತೆಗೆ ತಾನೇ ಕಟ್ಟಿಕೊಂಡು ಒಂದು ಮಧ್ಯಾಹ್ನ ಪೂರ್ತಿ ಬಲ ಮಗ್ಗುಲಾಗಿ ಮಲಗಿ ನೋಡಿದಳು. ನಡುವೆ ಗೊರಕೆಯನ್ನೂ ಹೊಡೆದಳು, ಆದ್ದರಿಂದ ಸರಿಯಿದೆ ಎಂದು ತಿಳಿ.

ಮೂರು ರಾತ್ರಿ ಹದಿನೇಳಾಯಿತು. ಗಂಟನ್ನು ಹಣೆಯ ಕಡೆಗೆ ತಂದ ಮೇಲೆ ಒತ್ತುವುದು ನಿಂತಿತು. ಬಿಲ್ಲೆಯ ಕೆಳಗೆ ಒಂದು ಪದರ ಹತ್ತಿ ಇಟ್ಟ ಮೇಲೆ ಉರಿ ನಿಂತಿತು. ಹೋದ ವಾರ ಮೂರು ರಾತ್ರಿ ಸಾಲಾಗಿ ಬೆಳಗಿನವರೆಗೆ ಮಲಗಿದೆ. ನಾಲ್ಕನೆಯ ದಿನ ಬೆಳಿಗ್ಗೆ ಪಟ್ಟಿ ತಲೆಯಲ್ಲಿ ಇರುವಾಗಲೇ ಹೋಗಿ ಅವಳಿಗೆ ತೋರಿಸಿದೆ. "ನೋಡಿದೆ, ಕಾಫಿ ಕುಡೀರಿ" ಅಂದಳು. ಮುಂದೇನು ಎಂದು ಕೇಳುವ ಧೈರ್ಯ ನಾನು ಮಾಡಲಿಲ್ಲ.

ಈಸ್ಟರಿಗೆ ನೀನು ಬರಬೇಕು. ಕುರಿಮರಿಯ ಸಾರು ಮಾಡುತ್ತಾಳಂತೆ. ಹೊಲಿಗೆ ಕೋಣೆಯ ಮಂಚವನ್ನು ನಿನಗೆ ಎಂದು ಒಗೆದ ಹಾಸು ಹಾಕಿ ಸಿದ್ಧ ಮಾಡಿದ್ದಾಳೆ.

ಮೊನ್ನೆ ಮಂಗಳವಾರ ನಾನು ಮಲಗಿ ಪಟ್ಟಿ ಕಟ್ಟಿಕೊಂಡಿದ್ದೆ. ಅಲೆ ಒಂದೂವರೆ ಮೀಟರು, ಗಾಳಿ ಇಲ್ಲ. ಹಾಸಿಗೆಯ ಆ ಕಡೆ ತಗ್ಗಾಯಿತು. ನಾನು ಅಲುಗಾಡಲಿಲ್ಲ. ದೀಪ ಆರಿತು. ಸ್ವಲ್ಪ ಹೊತ್ತಿನ ಮೇಲೆ ಅವಳು, ಎಂದಿನ ದನಿಯಲ್ಲೇ, "ಹಿಂದಿನ ಬಾಗಿಲು ಹಾಕಿದ್ರಾ?" ಅಂದಳು.

ನನಗೆ ಮೊದಲ ಸಲಕ್ಕೇ ಕೇಳಿಸಿತು. "ಹಾಕಿದೆ" ಅಂದೆ.

ಬೆಲ್ಮಿರು